ಟೀನೇಜ್ ಪ್ರೀತಿ, ಕತ್ತಲು, ಮಧ್ಯೆ ಒಂಚೂರು ಮಾಯೆ: ಶಿಡ್ಲಘಟ್ಟದ ರೇಷ್ಮೆ ಹುಳದ ಮನೆ ಇಟ್ಕೊಂಡು ಮ್ಯಾಜಿಕಲ್ ರಿಯಲಿಸಂ ಕಥೆ ಬರೆಯೋದು ಹೇಗೆ, ಸಮಗ್ರ ಮಾರ್ಗದರ್ಶಿ

ಮ್ಯಾಜಿಕಲ್ ರಿಯಲಿಸಂ ಅಂದ ತಕ್ಷಣ ತುಂಬಾ ಜನ ಏನ್ ಬರೀತಾರೆ ಅಂದ್ರೆ, ಹುಡುಗ ಹುಡುಗಿ ಬೈಕಲ್ಲಿ ನಂದಿ ಬೆಟ್ಟಕ್ಕೆ ಹೋಗ್ತಾರೆ, ಮಂಜು ಕವ್ಕೊಳತ್ತೆ, ಮಂಜಲ್ಲಿ ಹುಡುಗಿ ಕರಗಿ ಹೋಗ್ತಾಳೆ, ಕೊನೇಲಿ ಹುಡುಗ ಎದ್ದು ಕೂತ್ರೆ ಎಲ್ಲಾ ಕನಸು. ಇದನ್ನ ದಯವಿಟ್ಟು ಬಿಡಿ. ಕನಸಾದ್ರೆ ಅದರಲ್ಲಿ ಮಾಯೆ ಎಲ್ಲಿ ಬಂತು, ಕನಸಲ್ಲಿ ಯಾರಿಗೆ ಏನ್ ಬೇಕಾದ್ರೂ ಆಗತ್ತೆ. ದೆವ್ವದ ಕಥೆನೂ ಬೇರೆ, ಅಲ್ಲಿ ದೆವ್ವ ಬಂದಾಗ ಜನ ಕಿರುಚ್ತಾರೆ. ರಾಜಕುಮಾರಿ ಕಥೆನೂ ಬೇರೆ, ಅಲ್ಲಿ ಲೋಕವೇ ಬೇರೆ. ಮ್ಯಾಜಿಕಲ್ ರಿಯಲಿಸಂ ಕಥೇಲಿ ಲೋಕ ನಮ್ದೇ, ಕರೆಂಟ್ ಬಿಲ್ಲು ನಮ್ದೇ, ಆಗಬಾರದ್ದು ಒಂದೇ ಒಂದು ಆಗತ್ತೆ, ಅದನ್ನ ನೋಡಿ ಯಾರೂ ಕಿರುಚಲ್ಲ.

ಈ ಹೆಸರು ಹುಟ್ಟಿದ್ದು ಕಥೆಗೋಸ್ಕರ ಅಲ್ಲ, 1925ರಲ್ಲಿ ಫ್ರಾನ್ಜ್ ರೋಹ್ ಅನ್ನೋ ಜರ್ಮನ್ ಕಲಾ ವಿಮರ್ಶಕ ಚಿತ್ರಕಲೆ ಬಗ್ಗೆ ಮಾತಾಡೋಕೆ ಬಳಸಿದ್ದು, ಆಮೇಲೆ ಲ್ಯಾಟಿನ್ ಅಮೆರಿಕದ ಕಥೆಗಾರರ ಜೊತೆ ಅಂಟ್ಕೊಂಡು ಫೇಮಸ್ ಆಯ್ತು. ಥಿಯರಿ ಇಷ್ಟು ಸಾಕು. ಯಾಕಂದ್ರೆ ನಮಗೆ ಬೇಕಾದ ಪಾಠ ಅದಕ್ಕಿಂತ ಹತ್ರದಲ್ಲೇ ಇದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿರೋ ಕನ್ನಡದ ಒಂದು ಜಾನಪದ ಕಥೇಲಿ ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರತ್ತೆ, ಅವಳು ಯಾರಿಗೂ ಹೇಳಲ್ಲ, ಅವೆರಡಕ್ಕೂ ಒಳಗೇ ಉಸಿರು ಕಟ್ಟಿ ಒಂದಿನ ಅವಳು ಮಲಗಿದ್ದಾಗ ಬಾಯಿಂದ ಆಚೆ ಬಂದು ಒಂದು ಕೋಟಾಗಿ ಗೂಟಕ್ಕೆ ನೇತಾಕ್ಕೊಳತ್ತೆ, ಇನ್ನೊಂದು ಜೋಡಾಗಿ ಬಾಗಿಲಲ್ಲಿ ಕೂರತ್ತೆ, ಗಂಡ ಬಂದು ಇದು ಯಾರ್ದು ಅಂತ ಜಗಳ ತೆಗೀತಾನೆ. ಈ ಮಾರ್ಗದರ್ಶಿ ಪೂರ್ತಿ ಆ ಕಥೆ ಮೇಲೇ ನಿಂತಿದೆ ಅಂದ್ಕೊಳ್ಳಿ. ಹೇಳದೆ ಇಟ್ಕೊಂಡ ಮಾತು ವಸ್ತುವಾಗಿ ಆಚೆ ಬರತ್ತೆ, ಮಾಯೆ ಅಂದ್ರೆ ಅಷ್ಟೇ. ಹದಿನಾರು ಹದಿನೇಳರ ವಯಸ್ಸಿಗಿಂತ ಹೇಳದೆ ಇಟ್ಕೊಂಡಿರೋ ಮಾತು ಇನ್ಯಾವಾಗ ಜಾಸ್ತಿ ಇರತ್ತೆ ಹೇಳಿ. ಅದಕ್ಕೇ ಟೀನೇಜ್ ಪ್ರೀತಿಗೂ ಈ ಬರವಣಿಗೆಗೂ ಅಷ್ಟು ಚೆನ್ನಾಗಿ ಹೊಂದ್ಕೊಳ್ಳೋದು.

ಹಂತ 1: ಮೊದಲು ಹೇಳಲಾಗದ ವಾಕ್ಯ ಹುಡುಕಿ

ಮಾಯೆಯಿಂದ ಶುರು ಮಾಡ್ಬೇಡಿ. ಒಂದು ಹಾಳೆ ತಗೊಂಡು ನಿಮ್ಮ ಪಾತ್ರ ಬಾಯಿ ಬಿಟ್ಟು ಹೇಳಲಾರದ ಒಂದೇ ವಾಕ್ಯ ಬರೀರಿ, ಆಡುಮಾತಲ್ಲೇ. "ಪಿಯುಸಿ ಮುಗಿದ್ ತಕ್ಷಣ ನನ್ನ ಮದ್ವೆ ಮಾಡ್ತಾರೆ ಅಂತ ಅವನಿಗೆ ಹೆಂಗ್ ಹೇಳ್ಲಿ." "ಅವಳಿಗೋಸ್ಕರ ಟೌನಿಗೆ ಬರ್ತಿದ್ದೀನಿ, ಕಾಲೇಜಿಗೆ ಅಲ್ಲ." "ನಂಗೆ ಇಷ್ಟ ಆಗಿರೋದು ಹುಡುಗನ್ನಲ್ಲ." "ಅಪ್ಪ ಅವರ ಮನೇಲಿ ನೀರು ಕೂಡ ಕುಡಿಯಲ್ಲ." ನೋಡಿ, ಕೊನೇದ್ರಲ್ಲಿ ಪ್ರೀತಿ ಅನ್ನೋ ಪದವೇ ಇಲ್ಲ, ಆದ್ರೂ ಇಡೀ ಕಥೆ ಅದರೊಳಗೇ ಕೂತಿದೆ. ವಾಕ್ಯ "ಪ್ರೀತಿ ಅನಂತ" ಥರ ಬಂದ್ರೆ ಹಾಳೆ ಹರಿದು ಬಿಸಾಕಿ ಮತ್ತೆ ಕೂತ್ಕೊಳ್ಳಿ, ಅದು ಹೇಳಲಾಗದ ಮಾತಲ್ಲ, ಎಲ್ಲರೂ ಸ್ಟೇಟಸ್ ಹಾಕೋ ಮಾತು.

ಈ ವಾಕ್ಯ ಕಥೇಲಿ ಎಲ್ಲೂ ಬರಬಾರದು. ನಿಮ್ಮ ಹತ್ರ ಮಾತ್ರ ಇರ್ಲಿ.

ಹಂತ 2: ಆ ಮಾತು ಯಾವ ವಸ್ತುವಿನಲ್ಲಿ ಸಿಕ್ಕಾಕ್ಕೊಳತ್ತೆ ಅಂತ ನೋಡಿ

ಇಲ್ಲೇ ಜಾಸ್ತಿ ಹೊತ್ತು ಕೂರ್ಬೇಕಾಗಿರೋದು. ವಸ್ತುವನ್ನ ಆಕಾಶದಿಂದ ಇಳಿಸ್ಬೇಡಿ, ಚಂದ್ರ ನಕ್ಷತ್ರ ಗುಲಾಬಿ ಎಲ್ಲಾ ಪಕ್ಕಕ್ಕಿಡಿ, ಆ ಮನೆಯವರು ಹೊಟ್ಟೆಪಾಡಿಗೆ ಏನ್ ಮಾಡ್ತಾರೆ ಅಂತ ನೋಡಿ ಅದರೊಳಗಿಂದ ತೆಗೀರಿ. ನಾನು ಉದಾಹರಣೆಗೆ ಶಿಡ್ಲಘಟ್ಟ ತಗೋತೀನಿ, ಯಾಕಂದ್ರೆ ರೇಷ್ಮೆಯಷ್ಟು ಕತ್ತಲು ಇರೋ ಕಸುಬು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೇಲಿ ಇನ್ನೊಂದಿಲ್ಲ.

ಹುಳದ ಮನೆ, ಅಂದ್ರೆ ರೇಷ್ಮೆ ಹುಳ ಸಾಕೋ ಜಾಗ, ಅದರೊಳಗೆ ಒಮ್ಮೆ ನಿಂತು ನೋಡಿ. ಹುಳದ ಮೈಮೇಲೆ ಮೊಟ್ಟೆ ಇಟ್ಟು ಅದನ್ನ ಸಾಯಿಸೋ ಊಜಿ ನೊಣ ಬರ್ದೆ ಇರ್ಲಿ ಅಂತ ಬಾಗಿಲು ಕಿಟಕಿಗೆಲ್ಲ ಬಲೆ. ಒಳಗೆ ಸಿಕ್ಕ ಸಿಕ್ಕೋರನ್ನ ಬಿಡಲ್ಲ, ಊದುಬತ್ತಿ ಹೊಗೆ, ಸೆಂಟು, ಸೊಳ್ಳೆ ಬತ್ತಿ ಯಾವುದೂ ಹುಳಕ್ಕೆ ಆಗಲ್ಲ. ಹುಳ ನಾಲ್ಕು ಸಲ ಪೊರೆ ಬಿಡತ್ತೆ, ಪ್ರತಿ ಸಲವೂ ಜ್ವರಕ್ಕೆ ಕೂತು (ಪೊರೆ ಕಳಚೋ ಮುಂಚಿನ ನಿದ್ದೆಗೇ ಜ್ವರ ಅನ್ನೋದು) ತಲೆ ಎತ್ತಿಕೊಂಡು ಒಂದು ದಿನದ ಹತ್ರ ಅಲ್ಲಾಡದೆ ಇರತ್ತೆ, ಆಗ ಹಿಪ್ಪುನೇರಳೆ ಸೊಪ್ಪು ಹಾಕೋ ಹಂಗಿಲ್ಲ, ಸುಣ್ಣ ಉದುರಿಸ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗತ್ತೆ ನೋಡಿ ತಿನ್ನೋದು, ಬೆಳೆ ಪೂರ್ತಿಗೆ ಬೇಕಾಗೋ ಸೊಪ್ಪಲ್ಲಿ ಬಹುಪಾಲು ಈ ಕೊನೇ ವಾರಕ್ಕೇ ಹೋಗತ್ತೆ, ರಾತ್ರಿ ಲೈಟ್ ಆರಿಸಿ ನಿಂತ್ರೆ ಶೀಟಿನ ಮೇಲೆ ಮಳೆ ಬಿದ್ದಂಗೆ ಸದ್ದು. ಆಮೇಲೆ ಹುಳ ಹಣ್ಣಾಗಿ, ಅಂದ್ರೆ ತಿನ್ನೋದು ನಿಲ್ಲಿಸಿ, ಚಂದ್ರಿಕೆ ಅನ್ನೋ ಬಿದಿರಿನ ತಟ್ಟೆ ಹತ್ತಿ ಗೂಡು ಕಟ್ಟತ್ತೆ, ಒಂದು ಗೂಡಲ್ಲಿ ತಳಿ ನೋಡ್ಕೊಂಡು 600ರಿಂದ 1,000 ಮೀಟರ್‌ವರೆಗೂ ಒಂದೇ ನೂಲು. ಮತ್ತೆ ಆ ನೂಲು ತುಂಡಾಗದೆ ಬರಬೇಕು ಅಂದ್ರೆ ಒಳಗೆ ಕೋಶವಾಗಿರೋ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡೋಕೆ ಮುಂಚೆನೇ ಸಾಯಬೇಕು, ಬಿಸಿನೀರಲ್ಲಿ ಬೇಯಬೇಕು.

ಇಷ್ಟು ಗೊತ್ತಾದ ಮೇಲೆ ಮಾಯೆ ತಾನಾಗೇ ಬರತ್ತೆ, ನೀವು ಕಷ್ಟ ಪಡ್ಬೇಕಾಗಿಲ್ಲ. ಹುಡುಗಿ ಮನೇಲಿ ಹುಳ ಸಾಕ್ತಾರೆ, ಮನೇಲಿ ಫೋನಲ್ಲಿ ಪಿಸುಗುಟ್ಟೋಕೆ ಇರೋ ಒಂದೇ ಜಾಗ ರಾತ್ರಿ ಹುಳದ ಮನೆ. ಹುಡುಗ ಟೌನಲ್ಲಿ ನೂಲು ಬಿಚ್ಚೋ ಕಡೆ ಕೆಲಸ ಮಾಡ್ತಾನೆ, ದಿನಾ ಬಿಸಿನೀರಲ್ಲಿ ಅದ್ದಿ ಅದ್ದಿ ಬೆರಳ ತುದಿ ಬೆಳ್ಳಗೆ ಸುಕ್ಕಾಗಿದೆ. ಅವಳು ಪಿಸುಗುಟ್ಟಿದ್ದನ್ನ ಹುಳ ಕೇಳಿಸ್ಕೊಂಡು ನೂಲಲ್ಲಿ ಸುತ್ತಿಡ್ತವೆ, ಗೂಡು ಬೆಂದು ನೂಲು ಬಿಚ್ಚುವಾಗ ಆ ಮಾತು ಆಚೆ ಕೇಳ್ಸತ್ತೆ. ಮುಗೀತು. ಅವನಿಗೆ ಅವಳ ಮಾತು ಕೇಳಬೇಕು ಅಂದ್ರೆ ಏನೋ ಒಂದು ಸಾಯಲೇಬೇಕು, ಕತ್ತಲನ್ನ ನೀವು ಹೊರಗಿಂದ ಬಳಿಯೋ ಅವಶ್ಯಕತೆನೇ ಇಲ್ಲ, ಕಸುಬೇ ಕೊಟ್ಟಿದೆ.

ರೇಷ್ಮೆ ಗೊತ್ತಿಲ್ಲದೋರು ಅದನ್ನ ಬರೀಲೇಬೇಕು ಅಂತೇನಿಲ್ಲ. ಕೆಜಿಎಫ್ ಕಡೆಯವರಿಗೆ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಚಿನ್ನದ ಗಣಿ ಇದೆ, ಅದರಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ, ಗಾಳಿ ಬೀಸಿದ್ರೆ ಚಿನ್ನ ತೆಗೆದು ಉಳಿದ ಸೈನೈಡ್ ದಿಬ್ಬದ ಧೂಳು ಒಣಗಾಕಿರೋ ಬಟ್ಟೆ ಮೇಲೆ ಕೂರತ್ತೆ, ತಾತ ಇಳೀತಿದ್ದ ಕತ್ತಲೆಗೆ ಮೊಮ್ಮಗಳು ಯಾವತ್ತೂ ಇಳಿದಿಲ್ಲ, ಇಳಿದಿಲ್ಲದ ಕತ್ತಲೆ ಅವಳ ಮನೆಗೆ ಬಂದ್ರೆ? ಕೋಲಾರದವರಿಗೆ ಕೆರೆ ಇದೆ. ಹುಟ್ಟಿದಾಗಿಂದ ಒಣಗಿದ ಕೆರೇಲಿ ಕ್ರಿಕೆಟ್ ಆಡ್ಕೊಂಡು ಬೆಳೆದ ಹುಡುಗನ ಊರಿಗೆ 2018ರ ನಂತರ ಕೆ.ಸಿ. ವ್ಯಾಲಿ ಯೋಜನೇಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ತುಂಬ್ಕೊಂಡಿದೆ, ಬೆಂಗಳೂರಿಗೆ ಓಡಿಹೋದ ಹುಡುಗಿ ಕೈ ತೊಳೆದ ನೀರು ಇದೇ ಇರಬೋದು ಅಂತ ಅವನು ಅಂದ್ಕೊಂಡ್ರೆ ತಪ್ಪೇನಿಲ್ಲ, ಲೆಕ್ಕ ಸರಿಯಾಗೇ ಇದೆ. ತುಮಕೂರು ಜಿಲ್ಲೆಯ ಪಾವಗಡದವರಿಗೆ 13,000 ಎಕರೆ ಸೋಲಾರ್ ಪಾರ್ಕು, 2,050 ಮೆಗಾವ್ಯಾಟ್, ರೈತರಿಂದ ಗುತ್ತಿಗೆಗೆ ತಗೊಂಡ ಜಮೀನು, ಅಷ್ಟು ದೊಡ್ಡ ಕನ್ನಡಿಯಂಥ ಬಯಲಲ್ಲಿ ಒಬ್ಬ ಹುಡುಗನ ನೆರಳು ಮಾತ್ರ ಬೀಳಲ್ಲ ಅಂದ್ರೆ ನಂಗಂತೂ ಓದ್ಬೇಕು ಅನ್ಸತ್ತೆ.

ಹಂತ 3: ಒಂದೇ ಮಾಯೆ, ಅದಕ್ಕೊಂದು ನಿಯಮ, ಅದಕ್ಕೊಂದು ದಂಡ

ನೂಲು ಮಾತಾಡತ್ತೆ ಅಂತ ಆದ್ಮೇಲೆ ಹಸು ಮಾತಾಡಬಾರದು, ಮಳೆ ಕೆಂಪಾಗಬಾರದು. ಎರಡನೇ ಮಾಯೆ ಬಂದ ಕೂಡ್ಲೇ ಓದೋನು ಮೊದಲನೇದ್ದನ್ನ ನಂಬೋದು ಬಿಡ್ತಾನೆ.

ನಿಯಮ ಅಂದ್ರೆ ಯಾವಾಗ ಆಗತ್ತೆ, ಯಾವಾಗ ಆಗಲ್ಲ ಅನ್ನೋದು. ನಮ್ಮ ಕಥೇಲಿ ಹುಳ ಜ್ವರಕ್ಕೆ ಕೂತಿದ್ದಾಗ ಮಾತ್ರ ಕೇಳಿಸ್ಕೊಳ್ಳತ್ತೆ ಅನ್ನಿ, ತಿನ್ನುವಾಗ ತನ್ನ ಸದ್ದೇ ತನಗೆ ಜಾಸ್ತಿ. ಅಲ್ಲಿಗೆ ಅವಳಿಗೆ ಬೆಳೇಲಿ ಸಿಗೋದು ನಾಲ್ಕೇ ರಾತ್ರಿ. ನೋಡಿ, ಕಥೆಯ ಚೌಕಟ್ಟು ಕೂಡ ಸಿಕ್ತು, ಮೊಟ್ಟೆ ಒಡೆದಾಗಿಂದ ಹಣ್ಣಾಗೋವರೆಗೆ ಸುಮಾರು 25 ದಿನ, ನಾಲ್ಕು ಜ್ವರ ಅಂದ್ರೆ ನಾಲ್ಕು ಮಾತುಕತೆ, ಮೊದಲನೇದ್ರಲ್ಲಿ ರೆಕಾರ್ಡ್ ಬುಕ್ಕು ಎಕ್ಸಾಮು ಅಂತ ಹರಟೆ, ಎರಡನೇದ್ರಲ್ಲಿ ಜಗಳ, ಮೂರನೇದ್ರಲ್ಲಿ ಇಬ್ರೂ ಸುಮ್ನೆ ಉಸಿರಾಡ್ತಾರೆ, ನಾಲ್ಕನೇದ್ರಲ್ಲಿ ಅವಳು ಆ ಹೇಳಲಾಗದ ಮಾತು ಹೇಳ್ತಾಳೆ (ಏನ್ ಹೇಳಿದ್ಳು ಅಂತ ನೀವು ಬರೀಬೇಡಿ), ಆದ್ರೆ ಅಷ್ಟೊತ್ತಿಗೆ ಅವನ ಫೋನ್ ಸ್ವಿಚ್ ಆಫ್, ಕೇಳಿಸ್ಕೊಂಡಿದ್ದು ಹುಳ ಮಾತ್ರ. ಪ್ಲಾಟ್ ಬರಲ್ಲ ಅಂತ ಅಳೋರು ಕಸುಬಿನ ಕ್ಯಾಲೆಂಡರ್ ನೋಡಿದ್ರೆ ಸಾಕು.

ದಂಡ ಇನ್ನೂ ಮುಖ್ಯ. ಗೂಡನ್ನ ಅಪ್ಪ ನೇರ ಹುಡುಗನ ಕೈಗೆ ಕೊಡಲ್ವಲ್ಲ, ಮಾರ್ಕೆಟ್ಟಿಗೆ ತಗೊಂಡು ಹೋಗ್ತಾನೆ, ಲಾಟ್ ಮಾಡಿ ಇಡ್ತಾರೆ, ಹರಾಜಲ್ಲಿ ಯಾವ ರೀಲರ್ (ನೂಲು ಬಿಚ್ಚಿಸೋ ಘಟಕದವನು) ಜಾಸ್ತಿ ರೇಟು ಹಾಕ್ತಾನೋ ಅವನಿಗೆ. ಅಂದ್ರೆ ಅವಳ ನಾಲ್ಕನೇ ರಾತ್ರಿಯ ಮಾತು ಯಾರ ಬಾಣಲೆಗೆ ಬೇಕಾದ್ರೂ ಹೋಗಿ ಬೀಳಬೋದು. ಅವನು ಕೆಲಸ ಮಾಡೋ ಕಡೆನೇ ಹೋದ್ರೆ ಅದು ಪ್ರೀತಿ ಕಥೆ. ಅವಳ ಮಾವನ ಪರಿಚಯದೋರ ಕಡೆ ಹೋಗಿ, ಮಧ್ಯಾಹ್ನ ಊಟದ ಹೊತ್ತಿಗೆ ಎಂಟು ಜನ ಕೆಲಸದೋರು ಅವಳ ದನಿ ಕೇಳಿಸ್ಕೊಂಡು ಕೈ ನಿಲ್ಲಿಸಿದ್ರೆ ಅದು ಕತ್ತಲು. ನಾನಾದ್ರೆ ಎರಡನೇದು ಬರೀತೀನಿ.

ಹಂತ 4: ದನಿ ಏರಿಸ್ಬೇಡಿ

ಕೊಲಂಬಿಯಾದ ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಒಂದು ಸಂದರ್ಶನದಲ್ಲಿ ಹೇಳಿರೋದು ಏನಂದ್ರೆ, ಅವರಜ್ಜಿ ಎಂಥಾ ನಂಬಲಾಗದ ವಿಷ್ಯ ಹೇಳುವಾಗ್ಲೂ ಮುಖದಲ್ಲಿ ಒಂದು ಗೆರೆ ಬದಲಾಗ್ತಿರ್ಲಿಲ್ವಂತೆ, ಅದೇ ಮುಖ ಇಟ್ಕೊಂಡು ಬರೆಯೋದು ಕಲಿಯೋಕೇ ತಮಗೆ ವರ್ಷಗಟ್ಟಲೆ ಹಿಡೀತು ಅಂತ. ಇನ್ನೊಂದು ಮಾತೂ ಅಲ್ಲೇ ಇದೆ, ಆನೆ ಹಾರ್ತಿವೆ ಅಂದ್ರೆ ಯಾರೂ ನಂಬಲ್ಲ, ಆಕಾಶದಲ್ಲಿ 425 ಆನೆ ಇವೆ ಅಂದ್ರೆ ನಂಬ್ತಾರೆ. ಪತ್ರಕರ್ತರ ಟ್ರಿಕ್ಕು. ನಮ್ಮಜ್ಜೀರೇನು ಕಮ್ಮಿ ಇಲ್ಲ, ಕೋಲಾರದ ಅಂತರಗಂಗೇಲಿ ಕಲ್ಲು ಬಸವನ ಬಾಯಿಂದ ವರ್ಷಪೂರ್ತಿ ನೀರು ಬರೋದನ್ನ ಅವರು ಹೇಳೋ ಧಾಟಿ ಕೇಳಿ, ಸಂತೆಗೆ ಹೋಗಿ ಸೊಪ್ಪು ತಂದೆ ಅನ್ನೋ ಥರಾನೇ ಹೇಳ್ತಾರೆ.

ಈಗ ಇದನ್ನ ನೋಡಿ, ಮೊದಲ ಡ್ರಾಫ್ಟ್ ಸಾಮಾನ್ಯವಾಗಿ ಹಿಂಗೆ ಬರತ್ತೆ:

"ಆ ರಾತ್ರಿ ಒಂದು ಅದ್ಭುತ ನಡೆಯಿತು. ಯಾರೂ ಊಹಿಸಲಾಗದ ರೀತಿಯಲ್ಲಿ ರೇಷ್ಮೆ ಹುಳುಗಳು ಅವಳ ಪ್ರೀತಿಯ ಪಿಸುಮಾತುಗಳನ್ನು ಆಲಿಸತೊಡಗಿದವು. ಅವಳ ಮೈ ನವಿರೆದ್ದಿತು."

ಅದೇ ಸಂಗತಿ ಹಿಂಗಾದ್ರೆ:

"ನಾಲ್ಕನೇ ಜ್ವರ ಎದ್ದ ದಿನ ಅಮ್ಮ ಕಡ್ಡಿ ಸೊಪ್ಪು ಹಾಕಿದ್ರೆ ಕೆಳಗಿನ ಸ್ಟ್ಯಾಂಡಿನ ಹುಳ ಬಾಯಿ ಹಾಕದೆ ಬಾಗಿಲ ಕಡೆ ತಲೆ ತಿರುಗಿಸ್ಕೊಂಡು ಕೂತಿದ್ವು. ‘ಯಾರೋ ಇವುಗಳ ಮುಂದೆ ಮಾತಾಡವ್ರೆ’ ಅಂದ್ಳು. ಹೋದ ಬೆಳೇಲಿ ಪಕ್ಕದ ಮನೇಲೂ ಹಿಂಗೇ ಆಗಿ ಕೆಜಿಗೆ ನಲವತ್ತು ರೂಪಾಯಿ ಕಮ್ಮಿ ಬಿದ್ದಿತ್ತು. ಹುಡುಗಿ ಫೋನನ್ನ ಸೊಪ್ಪಿನ ಚೀಲದ ಅಡಿಗೆ ತಳ್ಳಿ ಕಸ ಬಾಚೋಕೆ ಹೋದ್ಳು."

ಎರಡನೇದ್ರಲ್ಲಿ ಯಾರೂ ಬೆರಗಾಗಿಲ್ಲ, ಅಮ್ಮನಿಗೆ ಇರೋ ಚಿಂತೆ ರೇಟಿಂದು. ಅದ್ಭುತ, ವಿಸ್ಮಯ, ಮಾಂತ್ರಿಕ, ಇದ್ದಕ್ಕಿದ್ದಂತೆ, ಏನಾಶ್ಚರ್ಯ, ಈ ಪದಗಳು ನಿಮ್ಮ ಕಥೇಲಿ ಎಲ್ಲೆಲ್ಲಿ ಬಂದಿವೆಯೋ ಅಲ್ಲೆಲ್ಲ ಅಳಿಸಿ, ಮೊಬೈಲಲ್ಲಿ ಸರ್ಚ್ ಕೊಟ್ರೆ ಎರಡು ನಿಮಿಷದ ಕೆಲಸ.

ಹಂತ 5: ಹುಡುಗ್ರು ಹುಡುಗ್ರ ಥರಾನೇ ಇರ್ಲಿ

ಹದಿನೇಳು ವರ್ಷದ ಹುಡುಗಿ "ಈ ಸಮಾಜ ನಮ್ಮನ್ನು ಒಪ್ಪುವುದಿಲ್ಲ" ಅನ್ನಲ್ಲ. ಅವಳು "ನಮ್ಮಪ್ಪ ನೋಡಿದ್ರೆ ಸಾಯ್ಸ್ತಾನೆ, ಇಡು ಫೋನು" ಅಂತಾಳೆ, ಐದು ನಿಮಿಷ ಬಿಟ್ಟು "ಊಟ ಆಯ್ತಾ" ಅಂತ ಮೆಸೇಜ್ ಹಾಕ್ತಾಳೆ. ಪ್ರೀತಿ ಕಾಣೋದು ಸಣ್ಣ ಸಣ್ಣ ಕಡೆ: ಬಸ್ ಪಾಸ್ ಇದ್ರೂ ಅವಳು ಹತ್ತೋ ಸ್ಟಾಪ್‌ವರೆಗೆ ನಡ್ಕೊಂಡು ಹೋಗೋದು, ಬಾಟನಿ ರೆಕಾರ್ಡಲ್ಲಿ ಅವಳಿಗೋಸ್ಕರ ಚಿತ್ರ ಬರೆದು ಕೊಡೋದು, ಡಿಪಿ ತೆಗೆದ್ರೆ ಇಡೀ ದಿನ ತಲೆ ಕೆಡೋದು, ಬ್ಲಾಕ್ ಮಾಡಿ ರಾತ್ರಿ ಅನ್‌ಬ್ಲಾಕ್ ಮಾಡೋದು. ನಮ್ಮ ಕಡೆ ಭಾಷೆನೂ ಒಂದಲ್ಲ, ಮನೇಲಿ ತೆಲುಗು, ಕಾಲೇಜಲ್ಲಿ ಕನ್ನಡ, ಕೆಜಿಎಫ್ ಆದ್ರೆ ತಮಿಳು, ರೀಲರ್ ಕೇರೀಲಿ ಉರ್ದು. ಅವಳು ಕೋಪ ಬಂದಾಗ ಯಾವ ಭಾಷೆಗೆ ಹೋಗ್ತಾಳೆ, ಅತ್ತಾಗ ಯಾವ ಭಾಷೆಗೆ ಅನ್ನೋದು ಮೊದಲೇ ಗೊತ್ತು ಮಾಡ್ಕೊಳ್ಳಿ. ನೂಲಲ್ಲಿ ಕೇಳಿಸೋ ಮಾತು ತೆಲುಗಲ್ಲಿದ್ದು ಬಾಣಲೆ ಮುಂದೆ ಕೂತಿರೋರಿಗೆ ಅರ್ಧ ಅರ್ಥ ಆದ್ರೆ ಕಥೆ ಇನ್ನೂ ಗಟ್ಟಿಯಾಗತ್ತೆ, ಅವರು ಮಿಕ್ಕ ಅರ್ಧ ತಾವೇ ಕಟ್ಕೋತಾರೆ, ಊರು ಹಂಗೇ ಅಲ್ವ ಮಾಡೋದು.

ಹೆಸರಿಡುವಾಗ ಹುಷಾರು. ಹೆಸರಿಟ್ಟ ತಕ್ಷಣ ಜಾತಿ ಧರ್ಮ ಎರಡೂ ಓದುಗನಿಗೆ ಗೊತ್ತಾಗೋಗತ್ತೆ, ಅದು ಬೇಕಾದ್ರೆ ಇಡಿ, ಬೇಡ ಅಂದ್ರೆ ಹುಡುಗಿ ಹುಡುಗ ಅಂತಾನೇ ಕೊನೇವರೆಗೂ ಹೋಗಬೋದು.

ಇಬ್ಬರಲ್ಲಿ ಒಬ್ಬರಾದ್ರೂ ಹದಿನೆಂಟು ದಾಟಿರಲ್ಲ, ಹಂಗಾಗಿ ಮೈ ವರ್ಣನೆ, ಮಂಚ ಇವೆಲ್ಲ ಬೇಡವೇ ಬೇಡ, ಚರ್ಚೆನೇ ಇಲ್ಲ. ಅವನ ಸುಕ್ಕಾದ ಬೆರಳ ತುದಿ ನೋಡಿ ಅವಳು ಒಂದು ಮಾತೂ ಆಡದೆ ಇರೋದು ಅದಕ್ಕಿಂತ ಜಾಸ್ತಿ ಹೇಳತ್ತೆ.

ಹಂತ 6: ಕತ್ತಲು ಮೂಡ್ ಅಲ್ಲ

ಡಾರ್ಕ್ ಕಥೆ ಅಂದ್ರೆ ಮೋಡ, ಕಾಗೆ, ರಕ್ತ ಅಂದ್ಕೊಂಡಿರೋರು ಜಾಸ್ತಿ. ನಿಜವಾದ ಕತ್ತಲಿಗೆ ಟೈಮು, ಜಾಗ, ಹೆಸರು ಇರತ್ತೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ರೆ ಅಪ್ಪ ಟಾರ್ಚ್ ಹಿಡ್ಕೊಂಡು ತೋಟಕ್ಕೆ ಹೋಗ್ತಾನೆ, ಆ ಹೊತ್ತಿಗೆ ಮನೇಲಿ ಮಗಳೊಬ್ಬಳೇ. ಅದು ಅವಳಿಗೆ ಸ್ವಾತಂತ್ರ್ಯ ಕೂಡ, ಭಯ ಕೂಡ. ಸಾವಿರ ಅಡಿ ಮೇಲೆ ಇನ್ನೂ ಐನೂರು ಅಡಿ ಕೊರೆಸಿದ ಬೋರ್‌ವೆಲ್ಲಲ್ಲಿ ನೀರು ಬರದೆ ಆದ ಸಾಲ ಕತ್ತಲು, ಆ ಸಾಲಕ್ಕೂ ಅವಳ ಮದುವೆ ಬೇಗ ಆಗೋದಕ್ಕೂ ಇರೋ ಸಂಬಂಧವನ್ನ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿ.

ಕಾನೂನು ಗೊತ್ತಿರ್ಲಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳೇ, ಅವರ ಒಪ್ಪಿಗೆಗೆ ಲೆಕ್ಕ ಇಲ್ಲ. ಅವಳಿಗೆ 17, ಅವನಿಗೆ 19 ಇದ್ದು ಇಬ್ರೂ ಓಡಿಹೋದ್ರೆ ಹುಡುಗ ಜೈಲಿಗೆ ಹೋಗೋ ಸಾಧ್ಯತೆ ಇದ್ದೇ ಇದೆ, "ಕೇಸ್ ಹಾಕಿಸ್ತೀನಿ" ಅನ್ನೋ ಮಾತಿಗೆ ನಮ್ಮೂರಲ್ಲಿರೋ ತೂಕ ಯಾವ ಶಾಪಕ್ಕೂ ಇಲ್ಲ. ಓಡಿಹೋಗಿ ಸುಖವಾಗಿದ್ರು ಅಂತ ಬರೆಯೋ ಮುಂಚೆ ಇದನ್ನ ಯೋಚ್ನೆ ಮಾಡಿ.

ಇನ್ನು ಸಾವು. ಟೀನೇಜ್ ಪ್ರೀತಿ ಕಥೆಗಳಲ್ಲಿ ಅರ್ಧಕ್ಕರ್ಧ ಕೊನೇಲಿ ಯಾರೋ ಒಬ್ರು ಜೀವ ತೆಗ್ದುಕೊಂಡು ನಕ್ಷತ್ರ ಆಗ್ತಾರೆ, ನಂಗೆ ಇದು ಕಂಡ್ರೆ ಆಗಲ್ಲ. ಇದನ್ನ ಓದೋ ಮಕ್ಕಳಲ್ಲಿ ಒಬ್ಬರಾದ್ರೂ ಅದೇ ರಾತ್ರಿ ಅದೇ ಯೋಚ್ನೇಲಿ ಇರ್ತಾರೆ. ವಿಧಾನ ಬರೀಬೇಡಿ, ಸತ್ತ ಮೇಲೆ ಒಂದಾದ್ರು ಅಂತ ಬರೀಬೇಡಿ, ಬಿಡುಗಡೆ ಅನ್ನೋ ಪದ ಆ ಜಾಗದಲ್ಲಿ ಬೇಡ. ಕಥೇಲಿ ಅಂಥಾ ಸಾವು ಬರಲೇಬೇಕು ಅನ್ಸಿದ್ರೆ ಸತ್ತೋರನ್ನ ಬಿಟ್ಟು ಉಳಿದೋರ ಮಾರನೇ ದಿನ ಬರೀರಿ, ಹುಳಕ್ಕೆ ಸೊಪ್ಪು ಹಾಕೋರು ಯಾರೂ ಇಲ್ಲದ ಮನೆ ಸಾಕು. ಬರೀತಾ ಬರೀತಾ ನಿಮಗೇ ಮನಸ್ಸು ಭಾರ ಆಗಿ ಆ ಥರ ಯೋಚ್ನೆ ಬಂದ್ರೆ ಕಥೆ ಮುಚ್ಚಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡಬೋದು.

ಹಂತ 7: ಬರೀರಿ, ಆಮೇಲೆ ಕೊನೆ ಕತ್ತರಿಸಿ

ಮೊದಲ ಡ್ರಾಫ್ಟ್ 1,500ರಿಂದ 2,500 ಪದ ಇರ್ಲಿ, ಅದಕ್ಕಿಂತ ಉದ್ದ ಆದ್ರೆ ಒಂದೇ ಮಾಯೆ ಮೇಲೆ ಎಳೆಯೋದು ಕಷ್ಟ. ಮಾಯೆ ಮೊದಲ ಪುಟದಲ್ಲೇ ಬರ್ಲಿ, ಓದೋನು ಅಭ್ಯಾಸ ಮಾಡ್ಕೊಳ್ಳೋಕೆ ಟೈಮ್ ಬೇಕಲ್ಲ, ಮೂರನೇ ಪುಟದಲ್ಲಿ ಸಡನ್ನಾಗಿ ನೂಲು ಮಾತಾಡಿದ್ರೆ ಮೋಸ ಅನ್ಸತ್ತೆ.

ಕೊನೇಲಿ ಮಾಯೆಗೆ ಕಾರಣ ಕೊಡ್ಬೇಡಿ. ವಿಜ್ಞಾನಿ ಬಂದು ಟೆಸ್ಟ್ ಮಾಡಿದ, ಪೂಜಾರಿ ಬಂದು ಪೂರ್ವಜನ್ಮ ಅಂದ, ಎರಡೂ ಬೇಡ. ನಮ್ಮ ಕಥೆಗೆ ಎರಡು ಮೂರು ಕೊನೆ ಯೋಚ್ನೆ ಮಾಡಬೋದು. ಎಂಟು ಜನ ಕೇಳಿಸ್ಕೊಂಡ ಮೇಲೆ ಅದರಲ್ಲೊಬ್ಬ ಹೆಂಗಸು ಎದ್ದು ಆ ನೂಲನ್ನ ತುಂಡು ಮಾಡಿ ಒಲೆಗೆ ಹಾಕಿ, ಯಾರಿಗೂ ಏನೂ ಹೇಳದೆ ಕೆಲಸ ಮುಂದುವರಿಸ್ತಾಳೆ, ಅವಳಿಗೂ ಒಂದು ಕಾಲದಲ್ಲಿ ಹೇಳದೆ ಉಳಿದ ಮಾತು ಇತ್ತು ಅಂತ ನೀವು ಬರೆಯೋ ಅವಶ್ಯಕತೆ ಇಲ್ಲ. ಇಲ್ಲಾಂದ್ರೆ ನೂಲು ಸೀರೆಯಾಗಿ ತಿರುಗಿ ಅವಳ ಮದ್ವೆಗೇ ಬರತ್ತೆ, ಧಾರೆ ಹೊತ್ತಲ್ಲಿ ಅವಳ ದನಿ ಅವಳಿಗೇ ಕೇಳ್ಸತ್ತೆ. ಇದು ಸ್ವಲ್ಪ ಜಾಸ್ತಿ ಸಿನಿಮಾ ಆಯ್ತು, ಆದ್ರೆ ಕೆಲವರ ಕೈಲಿ ಚೆನ್ನಾಗಿ ಬರಬೋದು. ಯಾವುದೇ ಕೊನೆ ಬರೆದ್ರೂ ಕಟ್ಟಕಡೆಯ ಪ್ಯಾರಾ ತೆಗೆದು ಓದಿ ನೋಡಿ, ಹತ್ತರಲ್ಲಿ ಎಂಟು ಸಲ ಅದು ಇಲ್ದೇನೇ ಕಥೆ ಚೆನ್ನಾಗಿರತ್ತೆ.

ಇನ್ನೊಂದು ಪರೀಕ್ಷೆ: ಮಾಯೆ ಪೂರ್ತಿ ತೆಗೆದು ಅದರ ಜಾಗದಲ್ಲಿ ಕಾಲ್ ರೆಕಾರ್ಡಿಂಗ್ ಹಾಕಿ ಓದಿ. ಅದೇ ಕಥೆ ಏನೂ ಬದಲಾಗದೆ ನಡೆದ್ರೆ ನಿಮ್ಮ ಮಾಯೆ ಬರೀ ಅಲಂಕಾರ, ವಾಪಸ್ ಹಂತ 2ಕ್ಕೆ ಹೋಗಿ. ನಮ್ಮ ಕಥೇಲಿ ರೆಕಾರ್ಡಿಂಗ್ ಆದ್ರೆ ಡಿಲೀಟ್ ಮಾಡಬೋದಿತ್ತು, ಏನೂ ಬೇಯಬೇಕಾಗಿರ್ಲಿಲ್ಲ, ಅಪ್ಪ ತನ್ನ ಕೈಯಾರೆ ತೂಕ ಹಾಕಿ ಮಾರಬೇಕಾಗಿರ್ಲಿಲ್ಲ.

ಪತ್ರಿಕೆಗೋ ಸ್ಪರ್ಧೆಗೋ ಕಳಿಸೋದಾದ್ರೆ ಯೂನಿಕೋಡಲ್ಲೇ ಟೈಪ್ ಮಾಡಿ, ಹಳೇ ನುಡಿ ಫಾಂಟಲ್ಲಿ ಇದ್ರೆ ಕನ್ವರ್ಟ್ ಮಾಡಿ ಒತ್ತಕ್ಷರ ಎಲ್ಲ ಸರಿಯಾಗಿ ಬಂದಿವೆಯಾ ಅಂತ ಚೆಕ್ ಮಾಡಿ, ಪದಮಿತಿ ದಾಟ್ಬೇಡಿ. ಅದಕ್ಕೂ ಮುಂಚೆ, ಸಾಹಿತ್ಯದ ಸ್ನೇಹಿತರಿಗಿಂತ ಮೊದಲು ನಿಜವಾಗ್ಲೂ ಹುಳ ಸಾಕೋ ಒಬ್ಬರಿಗೆ ಕಥೆ ಜೋರಾಗಿ ಓದಿ ಹೇಳಿ. ಹುಳ ಮಾತು ಕೇಳಿಸ್ಕೊಂಡಿದ್ದರ ಬಗ್ಗೆ ಅವರು ಏನೂ ಅನ್ನಲ್ಲ, ಜ್ವರಕ್ಕೆ ಕೂತಿರೋ ಹುಳಕ್ಕೆ ಆ ಹುಡುಗಿ ಎರಡನೇ ಪುಟದಲ್ಲಿ ಸೊಪ್ಪು ಯಾಕೆ ಹಾಕಿದ್ಳು ಅಂತ ಮಾತ್ರ ಕೇಳ್ತಾರೆ. ಅದನ್ನ ತಿದ್ದಿ ಕಳ್ಸಿ.